ನೂರಾ ನಲವತ್ತರ ಭಕ್ತಿ

ಬಸವಕಲ್ಯಾಣದ ಆಟೋನಗರದಲ್ಲಾಗಲಿ, ಹುಮನಾಬಾದಿನ ಹೈವೇ ಬದಿಯ ಗ್ಯಾರೇಜುಗಳಲ್ಲಾಗಲಿ, ಲಾರಿಯ ಹಿಂದಿನ ಹೌಸಿಂಗಿಗೆ ಯಾವ ಆಯಿಲ್ ಹಾಕಬೇಕು ಎಂದು ಕೇಳಿ ನೋಡಿ. ಗಾಡಿ ಯಾವ ಕಂಪನಿಯದು, ಯಾವ ಮಾಡೆಲ್ಲು, ಏನು ಹೇರುತ್ತದೆ ಎಂದು ತಿರುಗಿ ಕೇಳುವವರು ಕಡಿಮೆ. "ಒನ್ ಫೋರ್ಟಿ ಹಾಕ್ರಿ, ಏನೂ ಆಗಂಗಿಲ್ಲ" ಎನ್ನುತ್ತಾನೆ ಮಿಸ್ತ್ರಿ. ಮಾಲೀಕ ತಲೆಯಾಡಿಸುತ್ತಾನೆ, ಡ್ರೈವರನಿಗೂ ಸಮಾಧಾನ. ನಮ್ಮ ಬಿಸಿಲಿಗೂ ನಮ್ಮ ಲೋಡಿಗೂ ತೆಳು ಎಣ್ಣೆ ತಡೆಯುವುದಿಲ್ಲ, ದಪ್ಪ ಇದ್ದಷ್ಟೂ ಒಳ್ಳೆಯದು ಎಂಬ ಮಾತನ್ನು ಈ ಭಾಗದ ಲಾರಿ ಲೋಕ ಪರೀಕ್ಷೆಗೆ ಒಡ್ಡಿದ್ದೇ ಇಲ್ಲ. ಅದು ಇಷ್ಟು ವರ್ಷ ಬಾಳಿರುವುದೂ ಅದಕ್ಕೇ. ಆ ಮಾತು ತಪ್ಪು ಎಂಬುದು ನನ್ನ ವಾದ. ಅದರ ದಂಡವನ್ನು ನಮ್ಮವರು ಕ್ರೌನ್-ಪಿನಿಯನ್ನಿನ ಬಿಲ್ಲಿನಲ್ಲೂ ಡೀಸೆಲ್ಲಿನ ಬಿಲ್ಲಿನಲ್ಲೂ ಕಟ್ಟುತ್ತಲೇ ಇದ್ದಾರೆ.

ಇದು ಮಿಸ್ತ್ರಿಗಳ ಒಳಜಗಳ ಎಂದು ತಳ್ಳಿಹಾಕುವ ಊರುಗಳಲ್ಲ ಇವು. ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು, ಅನುಭವ ಮಂಟಪದ ಊರು ಎಂದು ನಾಡಿಗೆಲ್ಲ ಗೊತ್ತು. ಪುಣೆ–ಹೈದರಾಬಾದ್ ದಾರಿಯ ಡ್ರೈವರುಗಳಿಗೆ ಮಾತ್ರ ಅದು ಮೊದಲು ಲಾರಿಗಳ ಊರು. ಹಳೆಯ 9ನೇ ನಂಬರಿನ, ಈಗ 65 ಎಂದು ಕರೆಯುವ ರಾಷ್ಟ್ರೀಯ ಹೆದ್ದಾರಿ ಪುಣೆಯಿಂದ ಹೊರಟು ಸೊಲ್ಲಾಪುರ ದಾಟಿ ಇಲ್ಲಿ ಹಾದು ಹೈದರಾಬಾದ್ ಮೇಲಿಂದ ಮಚಲೀಪಟ್ಟಣಕ್ಕೆ ಹೋಗುತ್ತದೆ. ಹುಮನಾಬಾದಿನಲ್ಲಿ ಬೀದರ್–ಕಲಬುರಗಿ ಕಡೆಯ 50ನೇ ಹೆದ್ದಾರಿ ಅದನ್ನು ಸಂಧಿಸುತ್ತದೆ. ಸೇಡಂ, ವಾಡಿಯ ಸಿಮೆಂಟು, ಕಲಬುರಗಿಯ ತೊಗರಿ, ಸೀಸನ್ನಿನಲ್ಲಿ ಕಬ್ಬು ಎಲ್ಲವೂ ಈ ಗಾಲಿಗಳ ಮೇಲೇ ಸಾಗಬೇಕು. ಲಾರಿ ಒಂದು ದಿನ ನಿಂತರೆ ಕಂತು ತಪ್ಪುವ ಮನೆಗಳು ಇಲ್ಲಿ ಬಹಳ.

ಮೊದಲು ಆ ಸಂಖ್ಯೆಯ ಜಾತಕ ನೋಡೋಣ. 90, 140 ಎಂಬುವು ಅಮೆರಿಕದ ಎಸ್‌ಎಇ ಸಂಸ್ಥೆಯ ಜೆ306 ಎಂಬ ಪಟ್ಟಿಯಿಂದ ಬಂದ ದರ್ಜೆಗಳು. 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಎಣ್ಣೆಯ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್ ಒಳಗಿದ್ದರೆ ಅದು 90. 24ರಿಂದ 32.5ರ ಒಳಗಿದ್ದರೆ 140. ಇಂಜಿನ್ ಆಯಿಲಿಗೆ ಬೇರೆಯೇ ಪಟ್ಟಿ. ಅಲ್ಲಿ 40 ಎಂದು ಬರೆದ ಎಣ್ಣೆ ಅದೇ ಕಾವಿನಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ ಇರುತ್ತದೆ. ಅಂದರೆ ಇಂಜಿನ್ನಿನ 40ಕ್ಕೂ ಗೇರಿನ 90ಕ್ಕೂ ದಪ್ಪದಲ್ಲಿ ಹೆಚ್ಚು ಅಂತರವಿಲ್ಲ. "ಇಂಜಿನ್ನಿಗೇ ನಲವತ್ತು ಬೇಕಂದ್ರೆ ಹೌಸಿಂಗಿಗೆ ನೂರಾ ನಲವತ್ತು ಬ್ಯಾಡೇನ್ರಿ" ಎಂಬ ಲೆಕ್ಕ ಕೇಳಲು ಸೊಗಸಾಗಿದೆ. ಎರಡು ಪಟ್ಟಿಗಳ ಅಂಕಿಗಳನ್ನು ಒಂದೇ ತಕ್ಕಡಿಗೆ ಹಾಕಿದ್ದರಿಂದ ಹುಟ್ಟಿದ ಲೆಕ್ಕ ಅದು.

ಬಿಸಿಲಿನ ವಾದವೂ ಇಲ್ಲೇ ಸಡಿಲವಾಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿ ಬಯಲು 42, 43 ಡಿಗ್ರಿ ಮುಟ್ಟುತ್ತದೆ, ನಿಜ. ಆದರೆ 90 ದರ್ಜೆಯನ್ನು ಅಳೆದಿರುವುದೇ 100 ಡಿಗ್ರಿಯಲ್ಲಿ. ಲೋಡು ಹೊತ್ತು ಓಡುವ ಹೌಸಿಂಗಿನೊಳಗಿನ ಕಾವು ಬಹುಪಾಲು ಹಲ್ಲುಗಳ ತಿಕ್ಕಾಟದಿಂದಲೂ ಎಣ್ಣೆಯ ಕಡೆದಾಟದಿಂದಲೂ ಹುಟ್ಟುತ್ತದೆ. ಹೊರಗಿನ ಬಿಸಿಲು ಅದರ ಮೇಲೆ ಒಂದಿಷ್ಟು ಸೇರಿಸುತ್ತದೆ ಅಷ್ಟೆ. ಗಾಡಿ ತಯಾರಿಸುವವರು ಭಾರತದ ಬೇಸಿಗೆಯನ್ನು ಮರೆತು ಪುಸ್ತಕ ಬರೆದಿದ್ದಾರೆ ಎಂದು ನಂಬುವುದು ವಿಚಿತ್ರ. ಗಾಡಿ ಮಾರುವುದೇ ಇಲ್ಲಿ, ವಾರಂಟಿಯಲ್ಲಿ ಕ್ರೌನ್ ಬದಲಿಸಿ ಕೊಡಬೇಕಾದವರೂ ಅವರೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹಿಂದಿನ ಆಕ್ಸಲ್ಲನ್ನು ಕಾಯುವುದು ದಪ್ಪಕ್ಕಿಂತ ಹೆಚ್ಚಾಗಿ ಎಣ್ಣೆಯೊಳಗಿನ ರಸಾಯನ. ಟಾಟಾ ಆಗಲಿ ಅಶೋಕ್ ಲೇಲ್ಯಾಂಡ್ ಆಗಲಿ, ಇಂದಿನ ದೊಡ್ಡ ಲಾರಿಗಳ ಹಿಂದಿನ ಆಕ್ಸಲ್ಲುಗಳಲ್ಲಿ ಹೆಚ್ಚಿನವು ಹೈಪಾಯ್ಡ್ ಜಾತಿಯವು. ಅವುಗಳಲ್ಲಿ ಪಿನಿಯನ್ ಎಂಬ ಚಿಕ್ಕ ಗೇರಿನ ನಡುಗೆರೆ ಕ್ರೌನ್ ಎಂಬ ದೊಡ್ಡ ಗೇರಿನ ನಡುಗೆರೆಗೆ ನೇರ ಬರುವುದಿಲ್ಲ, ಒಂದಷ್ಟು ಸರಿದಿರುತ್ತದೆ. 1920ರ ದಶಕದಲ್ಲಿ ಅಮೆರಿಕದ ಗ್ಲೀಸನ್ ಕಂಪನಿ ಈ ಹಲ್ಲು ಕೊಯ್ಯುವ ಯಂತ್ರ ಮಾಡಿತು, ಪ್ಯಾಕರ್ಡ್ ಕಾರು 1926ರ ಹೊತ್ತಿಗೆ ಅದನ್ನು ರಸ್ತೆಗೆ ತಂದಿತು. ಹೀಗೆ ಸರಿಸಿದ್ದರಿಂದ ಪಿನಿಯನ್ ದಪ್ಪವಾಯಿತು, ಗಟ್ಟಿಯಾಯಿತು, ಸದ್ದು ಕಡಿಮೆಯಾಯಿತು. ಅದರ ಜೊತೆಗೇ ಒಂದು ತೊಂದರೆಯೂ ಬಂತು. ಮಾಮೂಲಿ ಗೇರಿನ ಹಲ್ಲು ಹೆಚ್ಚಾಗಿ ಉರುಳುತ್ತದೆ, ಹೈಪಾಯ್ಡ್ ಹಲ್ಲು ಉರುಳುವ ಜೊತೆಗೆ ಉದ್ದಕ್ಕೂ ಜಾರುತ್ತದೆ. ಟನ್‌ಗಟ್ಟಲೆ ಭಾರದಡಿ ಉಕ್ಕು ಉಕ್ಕಿನ ಮೇಲೆ ಜಾರುವಾಗ ಯಾವ ದಪ್ಪದ ಎಣ್ಣೆಯೂ ಆ ಸಂದಿಯಲ್ಲಿ ಪೂರ್ತಿ ನಿಲ್ಲಲಾರದು, ಹಿಂಡಿ ಹೊರಬೀಳುತ್ತದೆ. ಆಗ ಕೆಲಸಕ್ಕೆ ಇಳಿಯುವುದು ಗಂಧಕ ಮತ್ತು ರಂಜಕದ ಸಂಯುಕ್ತಗಳು. ಡಬ್ಬಿಯ ಮೇಲಿನ ಇಪಿ ಎಂಬ ಎರಡಕ್ಷರ ಸೂಚಿಸುವುದು ಅವನ್ನೇ. ಹಲ್ಲು ಹಲ್ಲಿಗೆ ತಾಗುವ ಕಡೆಯ ಕಾವಿಗೆ ಅವು ಉಕ್ಕಿನೊಡನೆ ಕೂಡಿ ತೆಳ್ಳನೆಯ ಪೊರೆ ಕಟ್ಟುತ್ತವೆ. ಸವೆಯುವುದು ಆ ಪೊರೆ, ಹಲ್ಲು ಉಳಿಯುತ್ತದೆ.

ಈ ರಸಾಯನ ಎಷ್ಟಿದೆ ಎಂಬುದನ್ನು 90 ಆಗಲಿ 140 ಆಗಲಿ ಹೇಳುವುದಿಲ್ಲ. ಅದನ್ನು ಹೇಳುವುದು ಜಿಎಲ್-4, ಜಿಎಲ್-5 ಎಂಬ, ಅಮೆರಿಕದ ಎಪಿಐ ಸಂಸ್ಥೆಯ ಗುರುತು. ಭಾರೀ ಹೊರೆ, ಜೋರು ಓಟ, ಹಠಾತ್ ಎಳೆತ ಸಹಿಸುವ ಹೈಪಾಯ್ಡ್ ಆಕ್ಸಲ್ಲಿಗೆ ಜಿಎಲ್-5. ಜಿಎಲ್-4ರಲ್ಲಿ ಇಪಿ ರಸಾಯನ ಸುಮಾರು ಅದರ ಅರ್ಧದಷ್ಟು. ಪೇಟೆಯಲ್ಲಿ ಜಿಎಲ್-4ರ 140 ಸಿಗುತ್ತದೆ, ಜಿಎಲ್-5ರ 90 ಕೂಡ ಸಿಗುತ್ತದೆ. ಲೋಡು ಹೊತ್ತ ಹೈಪಾಯ್ಡ್ ಹಲ್ಲಿಗೆ ಎರಡನೆಯದು ಕಾವಲು, ಮೊದಲನೆಯದು ಬರೀ ದಪ್ಪ. ಇದೊಂದು ಸಂಗತಿ ಗೊತ್ತಿದ್ದರೆ ದಪ್ಪದ ವಾದ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲುವುದಿಲ್ಲ, ಏಕೆಂದರೆ ನಮ್ಮಲ್ಲಿ ಎಣ್ಣೆಯನ್ನು ಪರೀಕ್ಷಿಸುವುದು ಎರಡು ಬೆರಳುಗಳ ನಡುವೆ. ಅದ್ದಿ, ಉಜ್ಜಿ, ಬೆರಳು ಬಿಡಿಸಿದಾಗ ಎಳೆ ಬಂದರೆ "ಮಸ್ತ್ ಮಾಲ್" ಎಂದು ತೀರ್ಪು. ಎಳೆ ಬರಿಸುವುದು ಕಷ್ಟವೇನಲ್ಲ, ಅಂಟು ತರುವ ಪಾಲಿಮರ್ ಚೂರು ಬೆರೆಸಿದರೆ ಸಾಕು. ಬೆರಳಿಗೆ ಜಾರುವ ಗುಣ ತಿಳಿಯುತ್ತದೆಯೇ ಹೊರತು ಗಂಧಕ ಎಷ್ಟಿದೆ ಎಂದು ತಿಳಿಯುವುದಿಲ್ಲ. ಮೂಗಿನ ಪರೀಕ್ಷೆಯದೂ ಇದೇ ಕತೆ.

ದಪ್ಪ ಹೆಚ್ಚಾದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ನಾನು ಗೌರವ ಕೊಡುತ್ತೇನೆ, "ಏನೂ ಆಗಂಗಿಲ್ಲ" ಎಂಬ ಮಾತಿಗಿಂತ ಅದು ಎಷ್ಟೋ ಮೇಲು. 40 ಡಿಗ್ರಿಯಲ್ಲಿ ಸಾಮಾನ್ಯ 80ಡಬ್ಲ್ಯೂ-90 ಎಣ್ಣೆ 140–150 ಸೆಂಟಿಸ್ಟೋಕ್ ಇದ್ದರೆ 85ಡಬ್ಲ್ಯೂ-140 ಎಣ್ಣೆ 350ರ ಆಸುಪಾಸು ಇರುತ್ತದೆ. ಕಾವು ಇಳಿದಂತೆ ಅಂತರ ಇನ್ನೂ ಹಿಗ್ಗುತ್ತದೆ. ಬೀದರ್ ಜಿಲ್ಲೆಯ ಡಿಸೆಂಬರ್ ಚಳಿಯ ಪರಿಚಯ ರಾಜ್ಯಕ್ಕೆಲ್ಲ ಇದೆ, ಬೆಳಗಿನ ಜಾವ 10 ಡಿಗ್ರಿಗೆ ಇಳಿಯುವುದು ಇಲ್ಲಿ ಹೊಸದಲ್ಲ. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಐದಕ್ಕೆ ಲೋಡಿನೊಂದಿಗೆ ಹೊರಟಿದೆ ಎನ್ನಿ. ಹೌಸಿಂಗಿನೊಳಗೆ ಪಂಪು ಇಲ್ಲ. ಕ್ರೌನ್ ತಿರುಗುತ್ತ ತಳದ ಎಣ್ಣೆಯನ್ನು ಎತ್ತಿ ಎರಚಬೇಕು, ಅದು ಕಾಲುವೆಯಂಥ ದಾರಿಯಲ್ಲಿ ಹರಿದು ಮುಂದಿರುವ ಪಿನಿಯನ್ ಬೇರಿಂಗಿಗೆ ತಲುಪಬೇಕು. ಎಣ್ಣೆ ಹೆಪ್ಪುಗಟ್ಟಿದಂತಿದ್ದರೆ ಅದು ತಲುಪುವುದು ತಡ, ಅಷ್ಟು ಹೊತ್ತು ಬೇರಿಂಗು ಹಸಿದೇ ತಿರುಗುತ್ತದೆ. ಕ್ರೌನು ಉಳಿಯಲೆಂದು ದಪ್ಪ ಎಣ್ಣೆ ಹಾಕಿದವನ ಪಿನಿಯನ್ ಬೇರಿಂಗು ಮೊದಲು ಹೋಗುತ್ತದೆ. ಬೇರಿಂಗು ಸಡಿಲವಾದರೆ ಹಲ್ಲುಗಳ ಕೂಡಿಕೆ ತಪ್ಪುತ್ತದೆ, ಆಮೇಲೆ ಕ್ರೌನಿನ ಸರದಿ.

ಬಿಸಿಯಾದ ಮೇಲೆ ಇನ್ನೊಂದು ನಷ್ಟ. ದಪ್ಪ ಎಣ್ಣೆಯನ್ನು ಕಡೆಯಲು ಶಕ್ತಿ ಬೇಕು, ಆ ಶಕ್ತಿ ಡೀಸೆಲ್ಲಿನಿಂದ ಬಂದು ಕಾವಾಗಿ ಕೊನೆಗಾಣುತ್ತದೆ. ಕಾವು ಪ್ರತಿ 10 ಡಿಗ್ರಿ ಏರಿದಾಗ ಎಣ್ಣೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಣ್ಣೆಯವರ ಹಳೆಯ ಲೆಕ್ಕ. ಹೀಗಾಗಿ ಬಿಸಿಲಿಗೆ ಮದ್ದೆಂದು ಹಾಕಿದ್ದು ತಾನೇ ಬಿಸಿ ಹೆಚ್ಚಿಸಿ, ಬೇಗ ಕೆಟ್ಟು, ಸೀಲಿನ ರಬ್ಬರನ್ನೂ ಗಡುಸಾಗಿಸುತ್ತದೆ. ಡೀಸೆಲ್ಲಿನ ಮಾತಿಗೆ ಒಂದು ಉದಾಹರಣೆ ಹಿಡಿಯೋಣ. ತಿಂಗಳಿಗೆ 8,000 ಕಿಲೋಮೀಟರ್ ಓಡಿ ಲೀಟರಿಗೆ 4 ಕೊಡುವ ಲಾರಿ 2,000 ಲೀಟರ್ ಕುಡಿಯುತ್ತದೆ. ತಪ್ಪು ಎಣ್ಣೆಯಿಂದ ನೂರಕ್ಕೆ ಒಂದೇ ಪಾಲು ಹೆಚ್ಚು ಕುಡಿದರೂ 20 ಲೀಟರ್. ಲೀಟರಿಗೆ 90 ರೂಪಾಯಿ ಎಂದುಕೊಂಡರೆ ತಿಂಗಳಿಗೆ 1,800, ವರ್ಷಕ್ಕೆ 21,600. ಆಯಿಲ್ ಅಂಗಡಿಯಲ್ಲಿ ಬಕೆಟ್ಟಿಗೆ ನೂರಿನ್ನೂರು ರೂಪಾಯಿಗಾಗಿ ಅರ್ಧ ತಾಸು ಚೌಕಾಸಿ ಮಾಡುವ ಮಾಲೀಕನಿಗೆ ಈ ಸೋರಿಕೆ ಕಾಣುವುದಿಲ್ಲ.

"ನಮ್ಮ ಅಪ್ಪನ ಕಾಲದಿಂದ ಇದನ್ನೇ ಹಾಕೀವಿ, ಲಕ್ಷಗಟ್ಟಲೆ ಕಿಲೋಮೀಟರ್ ಓಡ್ಯಾವ" ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಎದುರು ವಾದ. ಓಡಿರುವುದು ಸುಳ್ಳಲ್ಲ. ಆದರೆ ಅಪ್ಪನ ಕಾಲದ ಗಾಡಿ ಯಾವುದು? ಟಾಟಾ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೂಡಿ ಲಾರಿ ಮಾಡತೊಡಗಿ 1969ರಲ್ಲಿ ಬೇರೆಯಾಯಿತು. ಆ ವಂಶದ 1210ರಂಥ ಗಾಡಿಗಳು ಇಕ್ಕಟ್ಟಾದ ರಸ್ತೆಯಲ್ಲಿ ಗಂಟೆಗೆ 40–50ರ ಮೇಲೆ ಲೋಡು ಎಳೆದದ್ದು ಅಪರೂಪ. ನಿಧಾನಕ್ಕೆ ತಿರುಗುವ ಕ್ರೌನಿಗೆ ದಪ್ಪ ಎಣ್ಣೆಯ ಕಡೆದಾಟ ಹೊರೆಯಾಗುವುದಿಲ್ಲ. ಈಗ ಸೊಲ್ಲಾಪುರದಿಂದ ಹೈದರಾಬಾದ್ ಕಡೆಗೆ ನಾಲ್ಕು ಪಥ, ಅಂದಿನ ಎರಡು ಮೂರು ಪಟ್ಟು ಅಶ್ವಶಕ್ತಿಯ ಇಂಜಿನ್ನು, ಗಂಟೆಗಟ್ಟಲೆ ಒಂದೇ ವೇಗದ ಓಟ. ವೇಗ ಏರಿದಂತೆ ಕಡೆದಾಟದ ನಷ್ಟ ಅದಕ್ಕಿಂತ ಜೋರಾಗಿ ಏರುತ್ತದೆ. ಅಪ್ಪನ ಎಣ್ಣೆ ಅಪ್ಪನ ಗಾಡಿಗೆ ಸರಿಯಾಗಿತ್ತು.

ಲೋಡಿನ ವಾದವನ್ನು ಮಾತ್ರ ಇಷ್ಟು ಸಲೀಸಾಗಿ ಬಿಡಲಾಗದು. 2018ರ ಜುಲೈನಲ್ಲಿ ಕೇಂದ್ರ ಸರಕಾರ ಆಕ್ಸಲ್ ಭಾರದ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್ಲಿಗೆ 10.2 ಟನ್ ಇದ್ದದ್ದು 11.5 ಆಯಿತು, ಜೋಡಿ ಆಕ್ಸಲ್ಲಿಗೆ 19 ಇದ್ದದ್ದು 21. ಮೂರು ಆಕ್ಸಲ್ಲಿನ ಗಾಡಿಯ ಒಟ್ಟು ತೂಕ 25ರಿಂದ 28.5 ಟನ್ನಿಗೆ ಹೋಯಿತು. ಕಬ್ಬಿನ ಸೀಸನ್ನಿನಲ್ಲಿ ಆ ಮಿತಿಯನ್ನೂ ದಾಟಿ ಹೇರುವುದನ್ನು ಕಣ್ಣಿದ್ದವರೆಲ್ಲ ನೋಡಿದ್ದಾರೆ. ಹೆಚ್ಚು ಹೊರೆ, ಕಡಿಮೆ ವೇಗ, ಹೊಲದ ಕೆಸರಿನಿಂದ ಕಿತ್ತು ಎಳೆಯುವ ಕೆಲಸ ಇರುವಲ್ಲಿ ದಪ್ಪ ದರ್ಜೆಗೆ ಅರ್ಥವಿದೆ. ಕೆಲವು ಆಕ್ಸಲ್ಲುಗಳಿಗೆ ಕಂಪನಿಯೇ 85ಡಬ್ಲ್ಯೂ-140 ಎಂದು ಬರೆಯುತ್ತದೆ, ಅಲ್ಲಿ 90 ಹಾಕುವವನು ನನ್ನ ಪಕ್ಷದವನಲ್ಲ, ಅವನೂ ಅಷ್ಟೇ ತಪ್ಪಿತಸ್ಥ. ಇನ್ನು ಕೆಲವಕ್ಕೆ 80ಡಬ್ಲ್ಯೂ-90. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಹಲವಕ್ಕೆ ಬಹುಕಾಲ ಬಾಳುವ ಸಿಂಥೆಟಿಕ್ 75ಡಬ್ಲ್ಯೂ-90. ಟಿಪ್ಪರುಗಳ ಹಬ್ ರಿಡಕ್ಷನ್ ಆಕ್ಸಲ್ಲಿನಲ್ಲಿ ನಡುವಿನ ಹೌಸಿಂಗಿನ ಎಣ್ಣೆ ಮಟ್ಟ ಬೇರೆ, ಎರಡೂ ಹಬ್ಬುಗಳದ್ದು ಬೇರೆ ನೋಡಬೇಕು. ಇಷ್ಟು ಬಗೆಯ ಆಕ್ಸಲ್ಲುಗಳಿಗೆ ಒಂದೇ ಡ್ರಮ್ಮಿನಿಂದ ಮಗ್ಗು ಅದ್ದಿ ಸುರಿಯುವುದನ್ನು ಅನುಭವ ಎಂದು ಕರೆಯುವವರ ಧೈರ್ಯ ದೊಡ್ಡದು.

ಅದೇ ಡ್ರಮ್ಮು ಗೇರ್‌ಬಾಕ್ಸಿಗೂ ಹೋಗುತ್ತದೆ. ಅಲ್ಲಿ ಗೇರು ಸಲೀಸಾಗಿ ಬೀಳಲು ನೆರವಾಗುವ ಸಿಂಕ್ರೊನೈಸರ್ ರಿಂಗುಗಳಲ್ಲಿ ಹಲವು ಹಿತ್ತಾಳೆಯವು. ಆಕ್ಸಲ್ಲಿಗಾಗಿ ಹೆಚ್ಚು ಗಂಧಕ ತುಂಬಿದ ಎಣ್ಣೆ ಹಳದಿ ಲೋಹವನ್ನು ತಿನ್ನಬಲ್ಲದು. ಅದಕ್ಕೇ ಹಲವು ಗೇರ್‌ಬಾಕ್ಸುಗಳಿಗೆ ಜಿಎಲ್-4 ಎಂದು ಬರೆದಿರುತ್ತದೆ. ಬೆಳಗ್ಗೆ ಗೇರು ಬೀಳುವುದಿಲ್ಲ ಎಂದು ಡ್ರೈವರನನ್ನು ಬೈಯುವ ಮೊದಲು ಶೇಟುಗಳು ಡ್ರಮ್ಮಿನ ಮೇಲೆ ಏನು ಬರೆದಿದೆ ಎಂದು ಒಮ್ಮೆ ಓದಬಹುದು.

ಸೋರಿಕೆಯ ಕತೆಗೆ ಬರೋಣ, ಒನ್ ಫೋರ್ಟಿ ಹೆಚ್ಚು ಖರ್ಚಾಗುವುದು ಇದರ ಹೆಸರಿನಲ್ಲೇ. ಹಿಂದಿನ ಗಾಲಿಯ ಒಳಬದಿಯಲ್ಲಿ ಎಣ್ಣೆ ಕಂಡಿತು, "ಪತ್ಲಾ ಆಗ್ಯಾದ, ದಪ್ಪದು ಹಾಕ್ರಿ". ಹೌಸಿಂಗಿನ ಮೇಲೆ ಹೆಬ್ಬೆರಳಿನಷ್ಟು ದೊಡ್ಡದೊಂದು ಬ್ರೀದರ್ ಇರುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಅದರ ಮೂಲಕ ಹೊರಹೋಗಬೇಕು. ಬೀದರ್ ಸೀಮೆಯ ಕೆಂಪು ಧೂಳು ಮತ್ತು ಕಬ್ಬಿನ ಹೊಲದ ಎರೆಮಣ್ಣು ಸೇರಿ ಅದರ ಬಾಯಿ ಮುಚ್ಚಿದರೆ ಒಳಗಿನ ಒತ್ತಡ ಸೀಲಿನ ಮೇಲೆ ಬೀಳುತ್ತದೆ, ಎಣ್ಣೆ ಸೀಲು ದಾಟಿ ಹಬ್ಬಿಗೆ ಇಳಿದು ಬೇರಿಂಗಿನ ಗ್ರೀಸು ತೊಳೆದು ಬ್ರೇಕ್ ಲೈನರಿಗೆ ಮೆತ್ತುತ್ತದೆ. ಲೋಡು ಗಾಡಿಯ ಒಂದು ಬದಿಯ ಬ್ರೇಕು ಹಿಡಿಯದಿದ್ದರೆ ಏನಾಗುತ್ತದೆ ಎಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ಬ್ರೀದರ್ ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು ಊದಿ ಹಾಕಲು ಹತ್ತು ನಿಮಿಷ, ಖರ್ಚು ಸೊನ್ನೆ. ಅದನ್ನು ನೋಡದೆ ಸೀಲು ಬದಲಿಸಿ, ಅದೂ ಸೋರಿದಾಗ 140 ಸುರಿದು, ಅದೂ ಸೋರಿದಾಗ "ಗಾಡಿನೇ ಖರಾಬ್" ಎನ್ನುವುದು ನಡೆದು ಬಂದ ಪದ್ಧತಿ. ಫಿಲ್ಲರ್ ಪ್ಲಗ್ಗಿನ ತೂತಿನ ಕೆಳ ಅಂಚಿಗೆ ಬಂದರೆ ಮಟ್ಟ ಸರಿ. ಒಂದು ಲೀಟರ್ ಜಾಸ್ತಿ ಇರಲಿ ಎಂದು ಗಾಡಿಯನ್ನು ಓರೆ ನಿಲ್ಲಿಸಿ ತುಂಬಿದರೆ ನೊರೆಯೆದ್ದು ಅದೂ ಸೀಲಿನಿಂದಲೇ ದಾರಿ ಹುಡುಕುತ್ತದೆ.

ಸದ್ದಿನದು ಇನ್ನೂ ಕೆಟ್ಟ ಕತೆ. ಹೌಸಿಂಗು ಕೂಗತೊಡಗಿದರೆ ದಪ್ಪ ಎಣ್ಣೆ ಹಾಕಿ ಸದ್ದು ಅಡಗಿಸುವುದು ಜ್ವರ ಬಂದವನಿಗೆ ಕಂಬಳಿ ಹೊದಿಸಿ ಕೆಲಸಕ್ಕೆ ಕಳಿಸಿದ ಹಾಗೆ. ಎಕ್ಸಲರೇಟರ್ ಒತ್ತಿದಾಗ ಮಾತ್ರ ಕೂಗಿದರೆ ಕ್ರೌನ್-ಪಿನಿಯನ್ ಕೂಡಿಕೆಯ ಮೇಲೆ ಅನುಮಾನ, ತಿರುವಿನಲ್ಲಿ ಮಾತ್ರ ಸದ್ದಾದರೆ ಒಳಗಿನ ಸ್ಟಾರ್ ಗೇರುಗಳ ಮೇಲೆ, ಎಲ್ಲ ಹೊತ್ತೂ ಗುಡುಗಿದರೆ ಬೇರಿಂಗಿನ ಮೇಲೆ. ಸದ್ದು ಹೀಗೆ ಸುಳಿವು ಕೊಡುತ್ತದೆ, 140 ಆ ಸುಳಿವನ್ನು ಮುಚ್ಚುತ್ತದೆ. ಹಳೆ ಗಾಡಿ ಮಾರುವವರು ಇದನ್ನು ಚೆನ್ನಾಗಿ ಬಲ್ಲರು. ಗೇರಿನೊಳಗೆ ಮರದ ಹೊಟ್ಟು ಹಾಕಿ ಸದ್ದಡಗಿಸಿ ಮಾರುವ ಹಳೆಯ ಮೋಸದ ಮರ್ಯಾದಸ್ಥ ತಮ್ಮ ಇದು. ಕ್ರೌನೂ ಪಿನಿಯನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿ ಉಜ್ಜಿ ಒಂದೇ ಗುರುತು ಹೊಡೆಸಿಕೊಂಡು ಬಂದವು. ಒಂದು ಹಾಳಾಯಿತೆಂದು ಗುಜರಿಯ ಇನ್ನೊಂದನ್ನು ತಂದು ಜೋಡಿಸಿದರೆ ಯಾವ ಎಣ್ಣೆಯೂ ಆ ಸಂಸಾರ ಉಳಿಸಲಾರದು. ಶಿಮ್ಮು ಹಾಕಿ, ಹಲ್ಲಿಗೆ ಬಣ್ಣ ಬಳಿದು, ಗುರುತು ಎಲ್ಲಿ ಬೀಳುತ್ತದೆ ಎಂದು ನೋಡಿ ಕೂಡಿಸಬಲ್ಲ ಉಸ್ತಾದರು ಈ ಎರಡೂ ಊರುಗಳಲ್ಲಿ ಇದ್ದಾರೆ. ಅಂಥವರು ಕೆಲಸ ಮುಗಿಸಿ ಎಣ್ಣೆಯ ಡಬ್ಬಿಗೆ ಕೈ ಹಾಕುವಾಗ ಮಾತ್ರ ಪಕ್ಕದ ಅಂಗಡಿಯವನ ಮಾತು ಕೇಳುವುದೇಕೆ ಎಂದು ನನಗೆ ಸೋಜಿಗ.

ಉತ್ತರ ಒಂದಷ್ಟು ಗೊತ್ತಿದೆ. ಬಕೆಟ್ಟಿನೊಳಗೆ ಮಿಸ್ತ್ರಿಗೆ ಕೂಪನ್ ಇಡುವ ವ್ಯಾಪಾರ ದೇಶದುದ್ದಕ್ಕೂ ನಡೆಯುತ್ತಿದೆ. ಕೂಪನ್ನಿನ ಬೆಲೆ ಹೆಚ್ಚಿದ್ದ ಡಬ್ಬಿ ಒಳ್ಳೆಯ ಎಣ್ಣೆ ಎನಿಸಿಕೊಳ್ಳುತ್ತದೆ. ಇನ್ನು ಲೂಸ್ ಆಯಿಲ್. ಬಳಸಿದ ಎಣ್ಣೆಯನ್ನು ಸೋಸಿ, ಅಂಟು ಬೆರೆಸಿ, ಡ್ರಮ್ಮಿಗೆ ತುಂಬಿ 140 ಎಂದು ಬರೆದರೆ ಕೊಳ್ಳುವವರಿದ್ದಾರೆ. ದಪ್ಪವನ್ನೇ ಗುಣ ಎಂದು ನಂಬಿದ ಪೇಟೆಯಲ್ಲಿ ದಪ್ಪ ಮಾಡಿ ಮಾರುವುದಕ್ಕಿಂತ ಸುಲಭದ ಕಳ್ಳತನ ಯಾವುದು? ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ನೋಂದಾಯಿತ ಸಂಸ್ಕರಣೆಗಾರರಿಗೇ ಹೋಗಬೇಕು. ಅದು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಗ್ಯಾರೇಜಿನ ಹಿಂದಿನ ಕರಿ ನೆಲ ನೋಡಿದರೆ ಗೊತ್ತಾಗುತ್ತದೆ.

ಗಾಡಿ ಕಂಪನಿಗಳನ್ನೂ ಬಿಡಬಾರದು. ಲಕ್ಷಗಟ್ಟಲೆ ರೂಪಾಯಿಯ ಗಾಡಿಯ ಜೊತೆ ಕೊಡುವ ಪುಸ್ತಕ ಡ್ರೈವರನ ಕೈಗೆ ಬರುವುದೇ ಅಪರೂಪ, ಬಂದರೂ ಅವನು ಓದುವ ಭಾಷೆಯಲ್ಲಿರುವುದು ಇನ್ನೂ ಅಪರೂಪ. ಆಕ್ಸಲ್ಲಿಗೆ ಯಾವ ದರ್ಜೆ, ಯಾವ ಜಿಎಲ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಬದಲು ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಒಂದು ತಗಡಿನ ಮೇಲೆ ಕೊರೆದು ಬಾಗಿಲಿನ ಒಳಬದಿಗೆ ಹೊಡೆಯಲು ಎಷ್ಟು ಖರ್ಚು? ಬೀದರ್ ಜಿಲ್ಲೆಯ ಲಾರಿ ಮಾಲೀಕರ ಸಂಘಗಳು ಬಾಡಿಗೆ ದರಕ್ಕೆ, ಟೋಲಿಗೆ ಹೋರಾಡುವಂತೆ ಇದಕ್ಕೂ ಒಮ್ಮೆ ಪತ್ರ ಬರೆಯಲಿ.

ತಗಡು ಬರುವವರೆಗೆ ಕಾಯಬೇಕಿಲ್ಲ. ಶೇಟುಗಳೇ, ಷೋರೂಮಿನಿಂದ ನಿಮ್ಮ ಗಾಡಿಯ ಆಕ್ಸಲ್ಲಿಗೆ ಬರೆದಿರುವ ದರ್ಜೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ, ಬಿಳಿ ಬಣ್ಣದಲ್ಲಿ ಹೌಸಿಂಗಿನ ಮೇಲೆ ಫಿಲ್ಲರ್ ಪ್ಲಗ್ಗಿನ ಪಕ್ಕ ಬರೆಸಿ. ಹೊಸ ಕ್ರೌನ್ ಕೂಡಿಸಿದ ಮೇಲೆ ಮೊದಲ ಎಣ್ಣೆಯನ್ನು ಪುಸ್ತಕ ಹೇಳಿದಷ್ಟು ಬೇಗ ಇಳಿಸಿ. ಇಳಿಸುವಾಗ ನೀವೇ ನಿಂತು ಡ್ರೇನ್ ಪ್ಲಗ್ಗಿನ ಅಯಸ್ಕಾಂತ ನೋಡಿ. ನುಣ್ಣನೆಯ ಬೂದು ಕೆಸರಿದ್ದರೆ ಸಹಜ, ಚೂರು ಸಿಕ್ಕರೆ ಹೌಸಿಂಗು ಬಿಚ್ಚಿಸಿ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದು ತಿಳಿಯಿರಿ. ಆಕ್ಸಲ್ಲಿಗೆಂದು ಕೊಳ್ಳುವ ಡಬ್ಬಿಯ ಮೇಲೆ ಪುಸ್ತಕದ ದರ್ಜೆಯೂ ಜಿಎಲ್-5 ಎಂಬ ಅಕ್ಷರವೂ ಅಚ್ಚಾಗಿಲ್ಲದಿದ್ದರೆ, ಅದು ಎಷ್ಟೇ ದಪ್ಪ ಇರಲಿ, ದುಡ್ಡು ಕೊಡಬೇಡಿ.